ನಿಲ್ಲಿಸಿ ನೋಡುವುದು

ಸೊಹಾರಿನ ಶೋರೂಮಿನಲ್ಲಿ ಯಾಕೂಬ್ ಅಲ್ ಬಲೂಷಿ
ಖರ್ಜೂರ ಕೊಟ್ಟು, ಕಹ್ವಾ ಬಗ್ಗಿಸಿ,
ಫಾರಮ್ಮಿನ ಮೂರನೇ ಸಾಲಿಗೆ ಪೆನ್ನಿಟ್ಟು ಕೇಳಿದ:
ಹವ್ಯಾಸಗಳೇನು?

ಗಾಳ, ಎಂದರು ಜಯಕರ. ಒಂಬತ್ತಡಿ ಕೋಲು
ಮುಂದಿನ ಗಾಜಿನಿಂದ ಡಿಕ್ಕಿಯವರೆಗೆ
ಓರೆಯಾಗಿ ಮಲಗಬೇಕು, ಐಸ್ ಪೆಟ್ಟಿಗೆ ಬೇರೆ.
ವಾದಿಗೆ ನೀರು ಬಂದರೆ? ಚಕ್ರ ಎತ್ತರ ಬೇಕು.
(ಹದಿಮೂರು ವರ್ಷದಲ್ಲಿ ಇವರು ವಾದಿಗೆ ಹೋದದ್ದು ಎರಡು ಸಲ.
ಒಂದು ಸಲ ನೀರೇ ಇರಲಿಲ್ಲ.)

ಮಗ ಕ್ರಿಕೆಟ್ ಚೀಲದ ಉದ್ದ ಹೇಳಿದ,
ಎಷ್ಟು ಸ್ಪೀಕರು ಇರಬೇಕೆಂದೂ ಹೇಳಿದ.
ಮಗಳಿಗೆ ಚಾವಣಿಯಲ್ಲಿ ಕಿಟಕಿ ಬೇಕು, ನಕ್ಷತ್ರಕ್ಕೆ.
ಬಂದರಿನ ದೀಪಗಳ ಊರಿನಲ್ಲಿ ನಕ್ಷತ್ರವೆಲ್ಲಿ ಎಂದು
ಯಾರೂ ಕೇಳಲಿಲ್ಲ, ಪಾಪ.

ಯಾಕೂಬ್ ಬರೆದುಕೊಂಡ, ಪೆನ್ನಿಗೆ ಮುಚ್ಚಳ ಹಾಕಿದ,
ಸಾಲದ ಅರ್ಜಿ ಎಳೆದುಕೊಂಡ. ಸಂಬಳದ ಚೀಟಿ ಯಾರದ್ದು?
ನನ್ನದು, ಎಂದೆ.
ಮುಚ್ಚಳ ಮತ್ತೆ ತೆಗೆದ.

ನನ್ನ ಹವ್ಯಾಸ.
ಶಾಲೆಯಲ್ಲಿ ಖೋ ಖೋ. ಒಂದು ದಿಂಬಿನ ಚೀಲದಲ್ಲಿ ಅರ್ಧ ಗಿಳಿ,
ಹಸಿರು ದಾರ ಮುಗಿದಲ್ಲಿಗೆ ಅದೂ ಮುಗಿಯಿತು.
ಲ್ಯಾಬಿನಲ್ಲಿ ಕಂಡವರ ರಕ್ತ ತೆಗೆಯುವುದು ಹವ್ಯಾಸವೇ?
ಲೈಸೆನ್ಸು ಸಿಕ್ಕಿದ್ದು ನಾಲ್ಕನೇ ಸಲಕ್ಕೆ;
ಹಿಂದಕ್ಕೆ ಹೋಗುವಾಗ ಪರೀಕ್ಷೆಯ ಡ್ರಮ್ಮುಗಳೆಲ್ಲ
ನನ್ನ ಗುರುತು ಹಿಡಿದು ಅಡ್ಡ ಬರುತ್ತಿದ್ದವು.

ಹೇಳಲಾಗದ್ದು ಒಂದಿದೆ.
ರಾತ್ರಿ ಪಾಳಿ ಮುಗಿಸಿ ಏಳಕ್ಕೆ ಹೊರಟರೆ
ಮನೆಗೆ ಹನ್ನೆರಡು ನಿಮಿಷ. ನಾನು ಮುಟ್ಟುವುದು ಏಳೂ ನಲವತ್ತಕ್ಕೆ.
ಟ್ರಾಫಿಕ್ಕು, ಎನ್ನುತ್ತೇನೆ.
ಸೊಹಾರಿನಲ್ಲಿ, ಟ್ರಾಫಿಕ್ಕು!
ನಂಬುತ್ತಾರೆ, ಅಥವಾ ಕೇಳಲು ಪುರುಸೊತ್ತಿಲ್ಲ.

ಮೀನುಪೇಟೆ ದಾಟಿ, ಕಡಲಿಗೆ ಮೂಗು ಕೊಟ್ಟು
ಹಳೆಯ ಸನ್ನಿ ನಿಲ್ಲಿಸಿ, ಸೀಟು ಒರಗಿಸಿ,
ನೂರು ಬೈಸೆಯ ಚಾ, ಚಿಪ್ಸ್ ಪುಡಿ ಮಾಡಿ ಸುತ್ತಿದ ಪರೋಟ.
ಪಿಕಪ್ಪುಗಳು ಮರಳ ಮೇಲೆ ಬಲೆ ಎಳೆಯುತ್ತಿರುತ್ತವೆ.
ಒಣಗಲು ಹರಡಿದ ಬೂತಾಯಿ, ಊರಿನದೇ ವಾಸನೆ,
ಆದರೆ ಯಾರೂ ಹೆಸರು ಹಿಡಿದು ಕೂಗದ ಊರು.
ಏನನ್ನೂ ಯೋಚಿಸಬಾರದು, ಅದೇ ಆಟದ ನಿಯಮ.
ಸನ್ನಿಯ ಏಸಿ ಸತ್ತ ಮೇಲೆ
ಮೇ ತಿಂಗಳಿಗೇ ಆಟ ನಿಲ್ಲುತ್ತದೆ.

ಓಡಿಸಿ ನೋಡಿ ಮೇಡಂ, ಎಂದು ಯಾಕೂಬ್ ಕೀಲಿ ಚಾಚಿದ.
ಬೇಡ. ಕೂತು ನೋಡುತ್ತೇನೆ, ಬಾಗಿಲು ಹಾಕಿ, ಒಬ್ಬಳೇ.
ಜಯಕರ ಅವನತ್ತ ನೋಡಿ ಭುಜ ಹಾರಿಸಿದರು.

ಒಂದರಲ್ಲಿ ಚರ್ಮದ ವಾಸನೆಯದೇ ಕಾರುಬಾರು.
ಇನ್ನೊಂದರ ಪರದೆಗೆ ಸುಮ್ಮನಿದ್ದು ಗೊತ್ತಿಲ್ಲ,
ಬೆಲ್ಟು ಎಂದಿತು, ಬಾಗಿಲು ಎಂದಿತು, ಸುಸ್ವಾಗತ ಎಂದಿತು.
ಇವರಿಗೆ ಇಷ್ಟವಾದ ಎತ್ತರದ ಗಾಡಿಯಲ್ಲಿ
ಮದುವೆ ಮಂಟಪದಲ್ಲಿ ಕೂರಿಸಿದ ಹಾಗಿತ್ತು.
ಮೂಲೆಯಲ್ಲೊಂದು ಬೂದು ಬಣ್ಣದ್ದು, ಹೋದ ವರ್ಷದ್ದು,
ಒರೆಸಿ ಎಷ್ಟು ದಿನವಾಗಿತ್ತೋ.
ಬಾಗಿಲೆಳೆದರೆ ಅಕ್ಕಿ ಡಬ್ಬಿಯ ಮುಚ್ಚಳ ಕೂತ ಸದ್ದು, ಅಷ್ಟೇ.
ಸೀಟು ಪೂರ್ತಿ ಒರಗಿತು.
ಬಲಗೈ ಚಾಚುವಲ್ಲೇ ಚಾ ಲೋಟಕ್ಕೆ ಗುಳಿ.
ಗಾಜಿನಾಚೆ ಇವರ ಬಾಯಿ ಆಡುತ್ತಿತ್ತು, ಮಗನ ಕೈ ಆಡುತ್ತಿತ್ತು,
ಒಂದಿಷ್ಟೂ ಸದ್ದಿಲ್ಲ.
ತೊಟ್ಟಿಯ ಮೀನುಗಳ ಹಾಗೆ ಎಷ್ಟು ಮುದ್ದಾಗಿದ್ದರು!

ಯಾಕೂಬ್ ಗಾಜು ತಟ್ಟುವವರೆಗೆ ಅಲ್ಲೇ ಇದ್ದೆ.

ಗಾಳದ ಕೋಲು ಹಿಡಿಯುತ್ತದೆ, ತುದಿ ನನ್ನ ಕಿವಿಗೆ ತಾಗುವಂತೆ.
ಚೀಲಕ್ಕೂ ಜಾಗವಿದೆ. ಚಾವಣಿಯಲ್ಲಿ ಕಿಟಕಿ ಇಲ್ಲ;
ಮಗಳು ಮನೆ ಮುಟ್ಟುವವರೆಗೆ ಮಾತಾಡಲಿಲ್ಲ.

ಫಾರಮ್ಮಿನಲ್ಲಿ ನನ್ನ ಹೆಸರಿನ ಮುಂದೆ ಇನ್ನೂ ಖಾಲಿ.
ಏನು ಬರೆಯಲಿ ಮೇಡಂ?
ಟ್ರಾಫಿಕ್ಕು, ಎಂದೆ.
ಅದೇ ಊರಲ್ಲಿ ಹುಟ್ಟಿ ಬೆಳೆದವನು
ತಲೆಯೆತ್ತದೆ ಬರೆದುಕೊಂಡ,
ಬಲದಿಂದ ಎಡಕ್ಕೆ.